ಹಿತ್ತಲ ಕೋಳಿಗಳ ಆರೋಗ್ಯ: ಮನೆಮದ್ದು ಎಲ್ಲಿಯವರೆಗೆ, ಲಸಿಕೆ ಎಲ್ಲಿಂದ?



ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿರುವ ಸವಳಂಗ ಮತ್ತು ಅದರ ಸುತ್ತಲಿನ ಹಳ್ಳಿಗಳು ಅರೆಮಲೆನಾಡಿಗೆ ಸೇರಿದವು. ಇಲ್ಲಿ ಮಳೆಯಾಶ್ರಯದ ಮೆಕ್ಕೆಜೋಳವೇ ಮುಖ್ಯ ಬೆಳೆ. ಬೆಳೆಯ ಹಣ ವರ್ಷಕ್ಕೊಮ್ಮೆ ಕೈಸೇರುತ್ತದೆ. ನಡುವಿನ ದಿನಗಳಲ್ಲಿ ಮಕ್ಕಳ ಪುಸ್ತಕಕ್ಕೋ, ಔಷಧಿಗೋ, ಹಬ್ಬದ ಖರ್ಚಿಗೋ ಮನೆಯ ಹೆಣ್ಣುಮಕ್ಕಳು ಕೈ ಚಾಚುವುದು ಹಿತ್ತಲಿನ ಹ್ಯಾಟೆ ಹುಂಜಗಳ ಕಡೆಗೆ. ಆದರೆ ಬೇಸಿಗೆಯ ಒಂದು ವಾರದಲ್ಲಿ ಇಡೀ ಗೂಡು ಬರಿದಾಗುವುದನ್ನು ನೀವು ಕಂಡಿರುತ್ತೀರಿ. ‘ಗಾಳಿ ತಾಗಿತು’ ಎಂದು ಸುಮ್ಮನಾಗುವುದು ವಾಡಿಕೆ. ಈ ನಷ್ಟದ ಬಹುಪಾಲನ್ನು ತಪ್ಪಿಸಲು ಸಾಧ್ಯವಿದೆ. ಅದಕ್ಕೆ ಮನೆಯಲ್ಲೇ ಸಿಗುವ ವಸ್ತುಗಳು ಎಷ್ಟು ನೆರವಾಗುತ್ತವೆ, ಎಲ್ಲಿ ಅವು ಸಾಲವು ಎಂಬುದನ್ನು ತಿಳಿದಿರಬೇಕು.

ಒಣಗೂಡೇ ಮೊದಲ ಮದ್ದು

ರಾತ್ರಿ ತಂಗುವ ಗೂಡು ನೆಲದಿಂದ ಎರಡು ಅಡಿ ಎತ್ತರದಲ್ಲಿದ್ದು, ಗಾಳಿ ಆಡುವಂತಿರಲಿ. ದೊಡ್ಡ ಕೋಳಿಗೆ ತಲಾ ಒಂದು ಚದರ ಅಡಿಯಾದರೂ ಜಾಗ ಬೇಕು. ನೆಲದ ಮೇಲೆ ಸಾಕುವವರು ಎರಡು ಮೂರು ಅಂಗುಲ ದಪ್ಪ ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಹಾಸಿ, ಆಗಾಗ ತಿರುವಿ ಒಣಗಿಸಬೇಕು.

ಇದಕ್ಕೆ ಕಾರಣವಿದೆ. ಮರಿಗಳನ್ನು ಕೊಲ್ಲುವ ರಕ್ತಭೇದಿ ರೋಗದ ಜೀವಾಣುಗಳು ಹಿಕ್ಕೆಯ ಮೂಲಕ ಹೊರಬಿದ್ದ ಕೂಡಲೇ ರೋಗ ತರಲಾರವು. ತೇವ ಮತ್ತು ಬೆಚ್ಚಗಿನ ವಾತಾವರಣ ಸಿಕ್ಕರೆ ಒಂದೆರಡು ದಿನಗಳಲ್ಲಿ ಅವು ಬಲಿತು, ಇನ್ನೊಂದು ಮರಿಯ ಹೊಟ್ಟೆ ಸೇರಲು ಸಿದ್ಧವಾಗುತ್ತವೆ. ಆದುದರಿಂದ ದಿನವೂ ಹಿಕ್ಕೆ ಬಳಿದು ತಿಪ್ಪೆಗೆ ಹಾಕಿದರೆ ಅರ್ಧ ರೋಗ ಅಲ್ಲೇ ನಿಲ್ಲುತ್ತದೆ. ಅಷ್ಟಾದರೂ ರಕ್ತ ಬೆರೆತ ಹಿಕ್ಕೆ ಕಂಡರೆ ಅದೇ ದಿನ ಪಶುವೈದ್ಯರಿಂದ ಔಷಧಿ ಪಡೆಯಿರಿ.

ಬೂದಿ, ಬೇವು, ಸುಣ್ಣ

ಕೋಳಿಗೆ ಮಣ್ಣೇ ಸ್ನಾನ. ನೆರಳಿನಲ್ಲಿ ಒಂದೂವರೆ ಅಡಿ ಅಗಲ, ಅರ್ಧ ಅಡಿ ಆಳದ ಗುಂಡಿ ತೋಡಿ, ಜರಡಿ ಹಿಡಿದ ಒಲೆಬೂದಿ ಹಾಗೂ ನುಣುಪು ಮರಳನ್ನು ಸಮ ಪ್ರಮಾಣದಲ್ಲಿ ತುಂಬಿರಿ. ಒಣಗಿಸಿ ಪುಡಿ ಮಾಡಿದ ಬೇವಿನ ಎಲೆಯನ್ನೂ ಒಂದು ಹಿಡಿ ಸೇರಿಸಬಹುದು. ಕೋಳಿ ಇದರಲ್ಲಿ ಹೊರಳಾಡಿದಾಗ ಪುಕ್ಕದ ಸಂದಿಯ ಹೇನುಗಳು ಕಡಿಮೆಯಾಗುತ್ತವೆ. ಬೂದಿ ಪೂರ್ಣ ಆರಿರಬೇಕು. ನೆನೆದ ಬೂದಿ ಚರ್ಮವನ್ನು ಸುಡುತ್ತದೆ.

ರಕ್ತ ಹೀರುವ ಕೆಂಪು ನುಸಿಗಳ ರೀತಿಯೇ ಬೇರೆ. ಇವು ಹಗಲಲ್ಲಿ ಗೂಡಿನ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಮಾತ್ರ ಕೋಳಿಯ ಮೇಲೇರುತ್ತವೆ. ಕೋಳಿಯನ್ನು ಎಷ್ಟು ತೊಳೆದರೂ ಇವು ಹೋಗವು. ಗೂಡಿನ ಸಂದುಗಳಿಗೆ ಬೇವಿನ ಎಣ್ಣೆ ಸವರಿ, ಗೋಡೆಗಳಿಗೆ ಸುಣ್ಣ ಬಳಿಯಬೇಕು.

ಬೂಷ್ಟು ಹಿಡಿದ ಕಾಳು ಕೋಳಿಗೆ ವಿಷ

ನಮ್ಮ ಭಾಗದ ರೈತರು ಮುಖ್ಯವಾಗಿ ಗಮನಿಸಬೇಕಾದ ವಿಷಯವಿದು. ಅಕ್ಟೋಬರ್–ನವೆಂಬರ್‌ನಲ್ಲಿ ಮೆಕ್ಕೆಜೋಳ ಕಣಕ್ಕೆ ಬರುವಾಗ ಹಿಂಗಾರು ಮಳೆ ಸುರಿದರೆ ತೆನೆಗಳಿಗೆ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಕಾಳು ಮಾರುಕಟ್ಟೆಗೆ, ಕೆಟ್ಟದ್ದು ಕೋಳಿಗೆ ಎಂಬ ರೂಢಿ ಅನೇಕ ಮನೆಗಳಲ್ಲಿದೆ. ಹಸಿರು ಮಿಶ್ರಿತ ಹಳದಿ ಬಣ್ಣದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪನ್ನವಾಗಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಶೇಂಗಾ ಹಿಂಡಿಯಲ್ಲಿ ಈ ವಿಷವಿದ್ದುದು ಬೆಳಕಿಗೆ ಬಂತು.

ಈ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಮೊಟ್ಟೆ ಇಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ರೋಗ ತಡೆಯುವ ಶಕ್ತಿಯನ್ನು ಕುಂದಿಸುತ್ತದೆ. ಲಸಿಕೆ ಹಾಕಿಸಿದರೂ ತಕ್ಕ ಫಲ ಸಿಗುವುದಿಲ್ಲ. ತೊಳೆದರೆ ಅಥವಾ ಹುರಿದರೆ ವಿಷ ಪೂರ್ತಿ ಹೋಗದು. ಆದುದರಿಂದ ಬೂಷ್ಟು ಕಾಳನ್ನು ದನಕ್ಕೂ ಕೋಳಿಗೂ ಹಾಕದೆ ಹೂಳಿಬಿಡಿ. ಒಳ್ಳೆಯ ಕಾಳನ್ನು ಹಲ್ಲಿನಲ್ಲಿ ಕಡಿದಾಗ ‘ಕಟ್’ ಎಂದು ಒಡೆಯುವವರೆಗೆ ಒಣಗಿಸಿ, ಹಲಗೆಯ ಮೇಲೆ ದಾಸ್ತಾನು ಮಾಡಿರಿ.

ಕಾಳಿನ ಜೊತೆಗೆ ನುಗ್ಗೆಸೊಪ್ಪು, ಹೊನಗೊನ್ನೆ ಸೊಪ್ಪನ್ನು ಹೆಚ್ಚಿ ಕೊಡಿರಿ. ಮರಿಗಳಿಗೆ ಗೆದ್ದಲು ಒಳ್ಳೆಯ ಸಸಾರಜನಕ. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಮೂರೂವರೆಯಿಂದ ನಾಲ್ಕು ಗ್ರಾಂ ಸುಣ್ಣಾಂಶ ಬೇಕು. ಮೊಟ್ಟೆಯ ಚಿಪ್ಪನ್ನು ಹುರಿದು ಪುಡಿ ಮಾಡಿ ಕೊಡಬಹುದು. ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು ಕಾಲು ಲೀಟರು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದರ ಎರಡು ಪಟ್ಟು. ನೀರಿನ ಪಾತ್ರೆಯನ್ನು ನಿತ್ಯ ಉಜ್ಜಿ ತೊಳೆದು ನೆರಳಿನಲ್ಲಿಡಿ.

ಅರಿಸಿನ, ಬೆಳ್ಳುಳ್ಳಿ: ಎಷ್ಟು ನಂಬಬಹುದು?

ಒಂದು ಕಿಲೋ ಆಹಾರಕ್ಕೆ ಒಂದು ಚಮಚ ಅರಿಸಿನ ಪುಡಿ, ಒಂದೆರಡು ಜಜ್ಜಿದ ಬೆಳ್ಳುಳ್ಳಿ ಎಸಳು ಬೆರೆಸಿ ವಾರಕ್ಕೆರಡು ದಿನ ಕೊಡುವುದರಲ್ಲಿ ತಪ್ಪಿಲ್ಲ. ದೂರದಿಂದ ತಂದ ಮರಿಗಳಿಗೆ ಮೊದಲು ಉಗುರುಬೆಚ್ಚಗಿನ ಬೆಲ್ಲದ ನೀರು ಕುಡಿಸಿದರೆ ಚೇತರಿಸಿಕೊಳ್ಳುತ್ತವೆ. ಸಿಡುಬು ರೋಗದಲ್ಲಿ ಜುಟ್ಟು, ಕಣ್ಣಿನ ಸುತ್ತ ಗಂಟುಗಳೇಳುತ್ತವೆ. ಅವನ್ನು ಕೀಳದೆ ಬೇವಿನೆಲೆ, ಅರಿಸಿನ ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಗಾಯ ಕೀವಾಗದಂತೆ ನೋಡಿಕೊಳ್ಳಬಹುದು. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಕೋಳಿ ಗುಣ ಹೊಂದುತ್ತದೆ. ಈ ರೋಗವನ್ನು ಸೊಳ್ಳೆಗಳು ಹರಡುವುದರಿಂದ ಗೂಡಿನ ಬಳಿ ನೀರು ನಿಲ್ಲಗೊಡಬೇಡಿ.

ಜಂತುಹುಳುವಿಗೆ ಮಾತ್ರ ಬೇವು, ಪಪ್ಪಾಯಿ ಬೀಜಗಳನ್ನೇ ನಂಬಿ ಕೂರದೆ, ಮೂರು ತಿಂಗಳಿಗೊಮ್ಮೆ ಪಶುವೈದ್ಯರು ಸೂಚಿಸಿದ ಔಷಧಿ ಕೊಡಿರಿ. ಪೇಟೆಯಲ್ಲಿ ಸಿಕ್ಕ ಆಂಟಿಬಯೋಟಿಕ್ ಪುಡಿಗಳನ್ನು ಸ್ವಂತ ಬುದ್ಧಿಯಿಂದ ನೀರಿಗೆ ಬೆರೆಸಬೇಡಿ. ಹೀಗೆ ಬಳಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧಿಯನ್ನು ಮನುಷ್ಯರ ಪ್ರಾಣರಕ್ಷಣೆಗೆ ಉಳಿಸಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಕೋಳಿಗಳಿಗೆ ನಿಷೇಧಿಸಿತು.

ಕೊಕ್ಕರೆ ರೋಗಕ್ಕೆ ಮನೆಮದ್ದಿಲ್ಲ

ಗೂಡನ್ನು ಬರಿದು ಮಾಡುವ ಮಾರಿ ಇದೇ. 1920ರ ದಶಕದ ಕೊನೆಯಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟುದರಿಂದ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಇದೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು, ರೆಕ್ಕೆ ಕಾಲು ಸೋಲುವುದು ಇದರ ಲಕ್ಷಣಗಳು. ಇದು ವೈರಾಣುವಿನಿಂದ ಬರುವ ರೋಗ. ಬೆಳ್ಳುಳ್ಳಿಯಾಗಲಿ, ಆಂಟಿಬಯೋಟಿಕ್ ಆಗಲಿ ಇದನ್ನು ವಾಸಿ ಮಾಡಲಾರವು. ಬರುವ ಮುನ್ನ ಲಸಿಕೆ ಹಾಕಿಸುವುದೊಂದೇ ದಾರಿ.

ಮರಿಗೆ 5ರಿಂದ 7 ದಿನವಾದಾಗ ಎಫ್-1 ಅಥವಾ ಲಸೋಟಾ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಬಿಡಬೇಕು. ನಾಲ್ಕನೇ ವಾರದಲ್ಲಿ ಮತ್ತೆ ಲಸೋಟಾ, 6ರಿಂದ 7ನೇ ವಾರದಲ್ಲಿ ಸಿಡುಬಿನ ಲಸಿಕೆ, 8ರಿಂದ 10ನೇ ವಾರದಲ್ಲಿ ಆರ್-2-ಬಿ ಲಸಿಕೆಯನ್ನು ಅರ್ಧ ಮಿಲಿಲೀಟರಿನಂತೆ ಚರ್ಮದಡಿ ಕೊಡಿಸಬೇಕು. ಮುಂದಿನ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಿರಿ. ಲಸಿಕೆ ಆರೋಗ್ಯವಂತ ಕೋಳಿಗೆ ಮಾತ್ರ.

ಲಸಿಕೆಯನ್ನು ಮಂಜುಗಡ್ಡೆಯಿಟ್ಟ ಥರ್ಮಾಸಿನಲ್ಲಿ ತಂದು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ನೀರಿನಲ್ಲಿ ಕೊಡುವುದಾದರೆ ಆ ದಿನ ಬ್ಲೀಚಿಂಗ್ ಪುಡಿ, ಪೊಟ್ಯಾಷ್ ಪರ್ಮಾಂಗನೇಟ್ ಬೆರೆಸಬೇಡಿ. ಅವು ಲಸಿಕೆಯನ್ನೇ ಕೊಲ್ಲುತ್ತವೆ.

ನಮ್ಮ ಹಳ್ಳಿಗಳಲ್ಲಿ ತೊಡಕಾಗಿರುವುದು ಇಲ್ಲಿಯೇ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗಳಿಗಾಗುವಷ್ಟು ಇರುತ್ತದೆ, ಮನೆಯಲ್ಲಿರುವುದು ಹತ್ತು. ಹತ್ತು ಕೋಳಿಗಾಗಿ ಸೀಸೆ ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಹೀಗಾಗಿ ಯಾರೂ ಹಾಕಿಸುವುದಿಲ್ಲ. ಒಂದು ಓಣಿಯ ಹತ್ತು ಮನೆಯವರು ಸೇರಿದರೆ ತೊಡಕು ಬಗೆಹರಿಯುತ್ತದೆ. ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಹಿಡಿಯುವುದೂ ಸುಲಭ.

ಸತ್ತ ಕೋಳಿ, ಹೊಸ ಕೋಳಿ

ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಇರಿಸಿ ನೋಡಿರಿ. ರೋಗದ ಕೋಳಿಯನ್ನು ಅಗ್ಗಕ್ಕೆ ಮಾರುವುದೆಂದರೆ ಪಕ್ಕದ ಊರಿಗೆ ರೋಗ ಕಳುಹಿಸಿದಂತೆ. ಸತ್ತ ಕೋಳಿಯನ್ನು ತಿನ್ನದೆ, ಕೆರೆಗೂ ತಿಪ್ಪೆಗೂ ಎಸೆಯದೆ, ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು.

ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ. 2020ರ ಮಾರ್ಚ್‌ನಲ್ಲಿ ನಮ್ಮ ದಾವಣಗೆರೆ ಜಿಲ್ಲೆಯದೇ ಆದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಈ ಜ್ವರ ಮನುಷ್ಯರಿಗೂ ತಗುಲಬಲ್ಲದು. ಕಣ್ಣಿಗೆ ಕೊಕ್ಕರೆ ರೋಗದಂತೆಯೇ ಕಾಣುವುದರಿಂದ ಪರೀಕ್ಷೆಯಿಲ್ಲದೆ ಗುರುತಿಸಲಾಗದು.

ಒಣಗೂಡು, ಶುದ್ಧ ನೀರು, ಬೂಷ್ಟಿಲ್ಲದ ಕಾಳು, ಬೂದಿಯ ಗುಂಡಿ ಇವೆಲ್ಲ ನಿಮ್ಮ ಕೈಯಲ್ಲೇ ಇವೆ. ಇವು ಕೋಳಿಗೆ ಬಲ ಕೊಡುತ್ತವೆ. ಮಾರಿಯನ್ನು ತಡೆಯುವುದು ಲಸಿಕೆ. ಬೇಸಿಗೆ ಬರುವ ಮೊದಲೇ ನಿಮ್ಮ ಓಣಿಯ ಹತ್ತು ಮನೆಯವರನ್ನು ಕೂಡಿಸಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿರಿ.