ಮರುಹರಾಜಿನ ಮರ್ಮ

ಹರಾಜೆಂಬುದು ನಮ್ಮ ಜನರಿಗೆ ಹೊಸ ಸಂಗತಿಯಲ್ಲ. ಸರಕು ಕಣ್ಣೆದುರಿಗಿರುತ್ತದೆ, ಸವಾಲು ಕೂಗುವವರ ಮುಖಗಳು ಕಾಣುತ್ತವೆ, ಮೂರನೆಯ ಕೂಗಿನೊಡನೆ ವ್ಯವಹಾರ ಮುಗಿಯುತ್ತದೆ. ಅಂತರ್ಜಾಲದ ಹರಾಜಿನಲ್ಲಾದರೋ ಕಾಣುವುದು ಹೆಸರು ಮಾತ್ರ. ಒಬ್ಬನೇ ಎರಡು ಹೆಸರುಗಳಿಂದ ಬರಬಲ್ಲನು. ಇದರಿಂದ ಹುಟ್ಟಿದ ವಂಚನೆಯೊಂದನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅರಿತಿರಲೆಂದು ಇಲ್ಲಿ ವಿವರಿಸುತ್ತೇವೆ.

ಇಂಥ ತಾಣಗಳಲ್ಲಿ ಹೆಸರಾದುದು, 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಇ-ಬೇ. ಅಲ್ಲಿ ಕೊಳ್ಳುವವನು ತಾನು ಕೊಡಬಹುದಾದ ಗರಿಷ್ಠ ಬೆಲೆಯನ್ನು ಗುಟ್ಟಾಗಿ ತಿಳಿಸಿಡಬಹುದು. ಪ್ರತಿಸ್ಪರ್ಧಿಯನ್ನು ಮೀರಲು ಬೇಕಾದಷ್ಟು ಮಾತ್ರ ಗಣಕಯಂತ್ರವೇ ಅವನ ಪರವಾಗಿ ಸವಾಲನ್ನು ಏರಿಸುತ್ತದೆ. ಹಳೆಯ ಕ್ಯಾಮೆರಾವೊಂದಕ್ಕೆ ನಾವು 2,000 ರೂಪಾಯಿಗಳ ಮಿತಿಯನ್ನಿಟ್ಟೆವೆನ್ನೋಣ. ಉಳಿದವರು 1,100ಕ್ಕೆ ನಿಂತರೆ, ಅದಕ್ಕಿಂತ ತುಸು ಹೆಚ್ಚಿಗೆ ಅದು ನಮ್ಮದಾಗಬೇಕು. ಆದರೆ ಮಾರುವವನೇ ಬೇರೊಂದು ಹೆಸರಿನಿಂದ 1,500, 1,900 ಎಂದೇರಿಸಿ 2,100ಕ್ಕೆ ಮುಟ್ಟಿದರೆ ನಮ್ಮ ಗುಟ್ಟು ಬಯಲಾಗುತ್ತದೆ. ಸರಕು ಅವನಲ್ಲಿಯೇ ಉಳಿಯುತ್ತದೆ.

ಮುಂದೆ ಅವನಿಗೆ ಎರಡು ದಾರಿಗಳಿವೆ. “ಗೆದ್ದವರು ಹಣ ಕೊಡಲಿಲ್ಲ, ನಿಮ್ಮ ಬೆಲೆಗೇ ಕೊಡುತ್ತೇವೆ” ಎಂದು ನಮಗೆ ಬರೆಯುವುದು ಒಂದು. ಅದನ್ನೇ ಮತ್ತೆ ಹರಾಜಿಗಿಡುವುದು ಇನ್ನೊಂದು. ಹೊಸ ಪುಟದಲ್ಲಿ ಹಳೆಯ ಸವಾಲುಗಳ ಸುಳಿವಿರುವುದಿಲ್ಲ. ನಿಜವಾದ ಗಿರಾಕಿ ಗೆದ್ದಾಗಲೂ, ಬೆಲೆ ಸಾಲದೆಂದು, “ಸರಕು ಒಡೆದುಹೋಯಿತು” ಎಂಬ ನೆಪವೊಡ್ಡಿ ಮರುಹರಾಜು ಹಾಕುವವರೂ ಉಂಟು.

ಮರುಹರಾಜೆಲ್ಲವೂ ಮೋಸವಲ್ಲ. ಗಿರಾಕಿ ಬಾರದೆ ಉಳಿದ ಸರಕನ್ನು ಮತ್ತೊಮ್ಮೆ ಇಡುವುದು ನ್ಯಾಯವೇ. ಹಣ ಕೊಡದೆ ತಪ್ಪಿಸಿಕೊಳ್ಳುವ ಗಿರಾಕಿಗಳೂ ಇದ್ದಾರೆ. ಈ ನ್ಯಾಯದ ಮರೆಯಲ್ಲಿಯೇ ಅನ್ಯಾಯವು ಅಡಗುತ್ತದೆ.

2000ದಲ್ಲಿ, ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಅವರದೆಂದು ತೋರುವ ಚಿತ್ರವೊಂದು ಇ-ಬೇಯಲ್ಲಿ 1,35,805 ಡಾಲರುಗಳಿಗೆ ಏರಿತು. ಮಾರಿದವನೇ ಸವಾಲು ಹಾಕಿದ್ದನೆಂದು ತಿಳಿದು ಆ ಮಾರಾಟ ರದ್ದಾಯಿತು. ಮರುವರ್ಷ ಈ ಕೂಟದ ಇಬ್ಬರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು.

ನಮ್ಮ ದೇಶದಲ್ಲಿ ಇ-ಬೇಯ ತಾಣವು 2018ರಲ್ಲಿ ಮುಚ್ಚಿತು. ಆದರೆ ಹರಾಜಿನ ನ್ಯಾಯವು ಅದಕ್ಕಿಂತ ಬಹು ಹಳೆಯದು. 1930ರ ಸರಕು ಮಾರಾಟ ಕಾಯಿದೆಯ 64ನೆಯ ಪ್ರಕರಣದಂತೆ, ಮಾರುವವನು ಬೆಲೆಯೇರಿಸಲು ಸುಳ್ಳು ಸವಾಲು ಹಾಕಿದರೆ, ಕೊಂಡವನು ಆ ಮಾರಾಟವನ್ನು ರದ್ದುಗೊಳಿಸಬಹುದು. ಆದರೆ ಮರೆಯ ಹೆಸರಿನ ಹಿಂದಿರುವವನನ್ನು ಹಿಡಿದು ತೋರಿಸುವುದು ಸುಲಭವಲ್ಲ. ಆದುದರಿಂದ ಮುನ್ನೆಚ್ಚರಿಕೆಯೇ ಲೇಸು.

ಅದೇ ಸರಕು ಮತ್ತೆ ಬಂದಿದ್ದರೆ, ಹಿಂದಿನ ಮಾರಾಟವೇಕೆ ಮುರಿಯಿತೆಂದು ಕೇಳಬೇಕು. ಒಬ್ಬನೇ ಮಾರಾಟಗಾರನ ಸರಕುಗಳಿಗೆ ಮಾತ್ರ ಪದೇ ಪದೇ ಸವಾಲು ಹಾಕಿ ಕೊಳ್ಳದೆ ಹೋಗುವ ಹೆಸರನ್ನು ಗುರುತಿಸಬೇಕು. ಅಂಥದೇ ಸರಕುಗಳು ಈಚೆಗೆ ಎಷ್ಟಕ್ಕೆ ಮಾರಾಟವಾದುವೆಂದು ನೋಡಬೇಕು. ‘ಎರಡನೆಯ ಅವಕಾಶ’ದ ಪತ್ರ ಬಂದರೆ ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. ನಾವಿಟ್ಟ ಮಿತಿಯು ಬೆವರಿನ ಹಣಕ್ಕೆ ನಾವೇ ಹಾಕಿದ ಬೇಲಿ. ಇನ್ನೊಬ್ಬನು ಅದನ್ನು ಅಳೆದು ನೋಡಿದನೆಂಬ ಸಂಶಯ ಬಂದೊಡನೆ ಹಿಂದೆ ಸರಿಯುವುದೇ ಜಾಣತನ.