ಮಕ್ಕಳ ದವಡೆ ನೋವು: ಹಲ್ಲಿನಾಚೆಗೂ ನೋಡಬೇಕಿದೆ

ಬಾಯಿ ತೆರೆದರೆ ಕಿವಿಯ ಬಳಿ ಕಟಕ್ಕೆಂಬ ಸದ್ದು, ಬೆಳಿಗ್ಗೆ ಎದ್ದಾಗ ಕೆನ್ನೆಯಲ್ಲಿ ಬಿಗಿತ, ಆಗಾಗ ತಲೆನೋವು. ಮಕ್ಕಳು ಹೀಗೆಂದರೆ ನಮ್ಮಲ್ಲಿ ಅನೇಕ ಹೆತ್ತವರು ಮೊದಲು ಹೇಳುವ ಮಾತು 'ಶಾಲೆ ತಪ್ಪಿಸಲು ನೆಪ' ಎಂದು. ಕೆಲವರು ಕಿವಿಗೆ ಎಣ್ಣೆ ಬಿಡುತ್ತಾರೆ, ಕೆಲವರು ದೃಷ್ಟಿ ತೆಗೆಯುತ್ತಾರೆ. ಕಿವಿಯೂ ಸರಿಯಿದೆ, ಹಲ್ಲೂ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲಂತೂ ಮಗುವಿನ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಆದರೆ ನೋವಿನ ಮೂಲ ದವಡೆಯ ಕೀಲಿನಲ್ಲಿ ಇರಬಹುದು.

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಈ ಕೀಲು ಚಲಿಸುವುದು ಗೊತ್ತಾಗುತ್ತದೆ. ಇದು ಬಾಗಿಲಿನ ಬಿಜಾಗರಿಯಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೆ ಜಾರುತ್ತದೆ ಕೂಡ. ಮೂಳೆಗಳ ನಡುವೆ ಮೆತ್ತೆಯಂತಹ ತಟ್ಟೆಯೊಂದಿದೆ. ತಟ್ಟೆ ಸ್ವಲ್ಪ ಸರಿದರೆ ಸದ್ದು ಬರುತ್ತದೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ನೋವಿದ್ದರೆ, ಬಾಯಿ ಸಿಕ್ಕಿಕೊಂಡರೆ, ಅಗಿಯಲು ಕಷ್ಟವಾದರೆ ತಡ ಮಾಡಬಾರದು.

ಮನಸ್ಸಿನ ನಂಟು

ದವಡೆಯ ನೋವು ಬಹಳಷ್ಟು ಸಲ ಕೀಲಿಗಿಂತ ಅದರ ಸುತ್ತಲಿನ ಸ್ನಾಯುಗಳದ್ದು. ಹಲ್ಲು ಕಚ್ಚಿ ಹಿಡಿಯುವುದು, ಉಗುರು ಕಡಿಯುವುದು, ಸದಾ ಚ್ಯೂಯಿಂಗ್ ಗಮ್ ಅಗಿಯುವುದು ಈ ಸ್ನಾಯುಗಳನ್ನು ದಣಿಸುತ್ತವೆ. ಆತಂಕವಿರುವ ಮಕ್ಕಳಲ್ಲಿ ಈ ಅಭ್ಯಾಸಗಳು ಹೆಚ್ಚಾಗಿ ಕಾಣುತ್ತವೆ. ಇತ್ತ ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮಗು ಸಿಡುಕುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ, ಆತಂಕ ಇನ್ನೂ ಹೆಚ್ಚುತ್ತದೆ. ಯಾವುದು ಮೊದಲು, ಯಾವುದು ನಂತರ ಎಂದು ಹೇಳುವುದು ಕಷ್ಟ. ಹಾಗೆಂದು 'ಎಲ್ಲ ಮನಸ್ಸಿನ ಭ್ರಮೆ' ಎನ್ನುವುದು ತಪ್ಪು. ನೋವು ನಿಜವಾದುದು.

2014ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾನದಂಡವೂ ಈ ತೊಂದರೆಯನ್ನು ಎರಡು ಕಡೆಯಿಂದ ನೋಡುತ್ತದೆ. ಒಂದು ಕೀಲು ಮತ್ತು ಸ್ನಾಯುಗಳ ಪರೀಕ್ಷೆ, ಇನ್ನೊಂದು ಆತಂಕ, ಖಿನ್ನತೆ ಹಾಗೂ ನೋವಿನಿಂದ ದಿನಚರಿಗೆ ಆಗುವ ಅಡ್ಡಿಯ ವಿಚಾರಣೆ. ಜಮಾ, ಖರ್ಚು ಎರಡನ್ನೂ ನೋಡದೆ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ನಮ್ಮಂತಹ ಬ್ಯಾಂಕ್ ನೌಕರರಿಗೆ ದಿನನಿತ್ಯದ ಪಾಠ. ಇಲ್ಲಿಯೂ ಹಾಗೆಯೇ.

ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ಡೊಂಬಿವಲಿ, ನಲ್ಲಾಸೋಪಾರದ ಒಂದು ಕೋಣೆ, ಅಡುಗೆಮನೆಯ ಸಂಸಾರದಲ್ಲಿ ಬೆಳೆಯುವ, ಶಾಲೆ ಮುಗಿಸಿ ಕ್ಲಾಸಿಗೆ ಓಡುವ ಮಗು ತನ್ನ ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಮೂಲೆಯಾದರೂ ಎಲ್ಲಿದೆ? ಕೊನೆಯ ಲೋಕಲ್‌ನಲ್ಲಿ ಮನೆ ಸೇರುವ ತಂದೆಗೆ ನಿದ್ದೆಯಲ್ಲಿ ಮಗು ಹಲ್ಲು ಕಡಿಯುವುದು ಮಾತ್ರ ಕೇಳಿಸುತ್ತದೆ. ಊರಲ್ಲಿ ಹಿರಿಯರು ಅದಕ್ಕೆ ಹೊಟ್ಟೆಹುಳವೇ ಕಾರಣ ಎನ್ನುತ್ತಿದ್ದರು. ಅದು ಸಾಬೀತಾಗಿಲ್ಲ. ಚಿಕ್ಕ ಮಕ್ಕಳಲ್ಲಿ ಈ ಅಭ್ಯಾಸ ಎಷ್ಟೋ ಸಲ ವಯಸ್ಸಿನೊಂದಿಗೆ ತಾನಾಗಿ ಹೋಗುತ್ತದೆ. ಹಲ್ಲು ಸವೆಯುತ್ತಿದ್ದರೆ, ಜೊತೆಗೆ ಗೊರಕೆಯಿದ್ದರೆ ವೈದ್ಯರಿಗೆ ತೋರಿಸಬೇಕು.

ಗಲ್ಲಕ್ಕೆ ಬಿದ್ದ ಪೆಟ್ಟು

ಇದಕ್ಕಿಂತ ಗಂಭೀರವಾದುದು ಕೀಲು ಬೆಸೆದುಕೊಳ್ಳುವ ತೊಂದರೆ. ಚಾಳಿನ ಮೆಟ್ಟಿಲಿನಿಂದಲೋ ಸೈಕಲ್‌ನಿಂದಲೋ ಮಗು ಗಲ್ಲ ಅಡಿಯಾಗಿ ಬೀಳುತ್ತದೆ. ಗಲ್ಲಕ್ಕೆ ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಆದರೆ ಪೆಟ್ಟು ಕಿವಿಯ ಬಳಿಯ ಕೀಲಿಗೂ ತಗಲಿ ಅಲ್ಲಿ ಮೂಳೆ ಮುರಿದಿರಬಹುದು. ತಿಂಗಳುಗಳು ಕಳೆದಂತೆ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಕಿವಿಯ ತೀವ್ರ ಸೋಂಕಿನಿಂದಲೂ ಹೀಗಾಗುವುದುಂಟು. ಬೆಳೆಯುವ ವಯಸ್ಸಾದ್ದರಿಂದ ಕೆಳದವಡೆಯ ಬೆಳವಣಿಗೆ ಕುಂಠಿತವಾಗಿ ಗಲ್ಲ ಹಿಂದೆ ಸರಿದಂತೆ, ಮುಖ ಒಂದು ಕಡೆ ವಾಲಿದಂತೆ ಕಾಣಬಹುದು. ನಿದ್ದೆಯಲ್ಲಿ ಉಸಿರಾಟಕ್ಕೂ ಅಡ್ಡಿಯಾಗಬಹುದು.

ಈ ಮಗು ಡಬ್ಬಿಯ ಚಪಾತಿಯನ್ನು ಎಲ್ಲರೆದುರು ಚೂರುಮಾಡಿ ತುರುಕಿಕೊಳ್ಳಬೇಕು. ಸಹಪಾಠಿಗಳು ಅಡ್ಡಹೆಸರು ಇಡುತ್ತಾರೆ. ಮಗು ಮೆಲ್ಲಗೆ ಮಾತು ಕಡಿಮೆ ಮಾಡುತ್ತದೆ, ಫೋಟೋಗೆ ನಿಲ್ಲುವುದಿಲ್ಲ, ಸಮಾಜದ ವಾರ್ಷಿಕೋತ್ಸವಕ್ಕೂ ಬರಲೊಪ್ಪುವುದಿಲ್ಲ. ಇದಕ್ಕೆ ಶಸ್ತ್ರಚಿಕಿತ್ಸೆಯಿದೆ. ಆದರೆ ಅನಂತರ ತಿಂಗಳುಗಟ್ಟಲೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸದಿದ್ದರೆ ಕೀಲು ಮತ್ತೆ ಬೆಸೆದುಕೊಳ್ಳಬಹುದು. ನೋವೆಂದು ಅಳುವ ಮಗುವಿಗೆ ದಿನವೂ ಧೈರ್ಯ ತುಂಬುವುದು ಮನೆಯವರ ಕೆಲಸ.

ಎಲ್ಲಿ ತೋರಿಸಬೇಕು?

ಮನೆಯಲ್ಲೇ ಒಂದು ಸರಳ ಪರೀಕ್ಷೆಯಿದೆ. ಮಗು ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಬಲ್ಲುದೇ ನೋಡಿ. ಆಗದಿದ್ದರೆ ತಜ್ಞರನ್ನು ಕಾಣಿ. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಮಹಾವಿದ್ಯಾಲಯ, ಸಿಎಸ್‌ಎಂಟಿ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಮಹಾವಿದ್ಯಾಲಯ, ಪರೇಲ್‌ನಲ್ಲಿ ಮಕ್ಕಳಿಗಾಗಿಯೇ ಇರುವ ವಾಡಿಯಾ ಆಸ್ಪತ್ರೆ ಇವೆ. ಮೇ ರಜೆಯಲ್ಲಿ ಊರಿಗೆ ಹೋದಾಗ ಮಣಿಪಾಲ, ಮಂಗಳೂರಿನಲ್ಲಿ ತೋರಿಸುವವರು ಮುಂದಿನ ತಪಾಸಣೆಯನ್ನು ಇಲ್ಲಿ ಯಾರು ಮಾಡುತ್ತಾರೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ನಾಯು ನೋವಿಗೆ ಮೆತ್ತಗಿನ ಆಹಾರ, ಬಿಸಿ ಶಾಖ, ವೈದ್ಯರು ಹೇಳಿಕೊಟ್ಟ ವ್ಯಾಯಾಮ, ಆಪ್ತಸಲಹೆ ಇವುಗಳಿಂದಲೇ ಅನೇಕರಿಗೆ ಗುಣವಾಗುತ್ತದೆ. ಆರಂಭದಲ್ಲೇ ಹಲ್ಲು ಉಜ್ಜಿ ಸವೆಸುವಂತಹ, ಮತ್ತೆ ಸರಿಪಡಿಸಲಾಗದ ಚಿಕಿತ್ಸೆಗೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಮನಸ್ಸಿನ ವಿಷಯ ಮಾತನಾಡಲು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರಕಾರದ ಉಚಿತ ಟೆಲಿ ಮಾನಸ್ ಸೇವೆಯಿದೆ. ಸಂಖ್ಯೆ 14416, ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ವಿಮಾ ಕಂಪೆನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ನೀಡಬೇಕು. ದಂತ ಚಿಕಿತ್ಸೆಗೆ ಮಾತ್ರ ಷರತ್ತುಗಳು ಬೇರೆ ಬೇರೆ, ಪಾಲಿಸಿಯನ್ನು ಓದಿ ನೋಡಬೇಕು.

ನಮ್ಮ ಸಂಘಸಂಸ್ಥೆಗಳು ವರ್ಷವೂ ಕಣ್ಣು, ರಕ್ತದೊತ್ತಡ, ಮಧುಮೇಹ ತಪಾಸಣೆಯ ಶಿಬಿರಗಳನ್ನು ಏರ್ಪಡಿಸುತ್ತವೆ. ಅವುಗಳಲ್ಲಿ ಮಕ್ಕಳಿಗಾಗಿ ಒಬ್ಬ ದಂತವೈದ್ಯರನ್ನೂ ಒಬ್ಬ ಆಪ್ತಸಲಹೆಗಾರರನ್ನೂ ಕೂರಿಸಿದರೆ ದೊಡ್ಡ ಉಪಕಾರವಾದೀತು. ಹೆತ್ತವರು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗು ಹೇಗೆ ಅಗಿಯುತ್ತಿದೆ, ಎಷ್ಟು ಮಾತನಾಡುತ್ತಿದೆ ಎಂದು ಗಮನಿಸಲಿ. ಅಂಕಪಟ್ಟಿಯನ್ನು ಆಮೇಲೆ ನೋಡಿದರೂ ನಡೆದೀತು.