ಬೆಂಗಳೂರಿಗೆ ಹೋದಾಗ ಚಿತ್ರಶಾಲೆಗೂ ಹೋಗಿ ಬನ್ನಿ

ಮದ್ರಸ ಬಿಟ್ಟ ಮೇಲೆ ಮಕ್ಕಳು ಮರೆತು ಹೋದ ಪುಸ್ತಕ, ಟೋಪಿ, ನೀರಿನ ಬಾಟಲಿ ಎತ್ತಿಡುವುದು ನಮ್ಮ ದಿನನಿತ್ಯದ ಕೆಲಸ. ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಹೀಗೆ ಎತ್ತಿಟ್ಟ ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಕೊಕ್ಕರೆ ಇತ್ತು. ಪೆನ್ಸಿಲಿನಲ್ಲಿ ಬರೆದದ್ದು. ಶಾಂತಿಸಾಗರದ ದಂಡೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲುತ್ತದಲ್ಲ, ಥೇಟ್ ಹಾಗೇ. ನಾವು ಆ ಪುಟ ಹರಿದು ಹಾಕಿದೆವು. ಮರುದಿನ ಹುಡುಗಿಯನ್ನು ಕರೆದು "ಇನ್ನು ಇದೆಲ್ಲ ಬೇಡ" ಅಂದೆವು. "ಆಯ್ತು ಉಸ್ತಾದ್" ಅಂದಳು, ಅಷ್ಟೆ. ಆಮೇಲೆ ಅವಳ ಪುಸ್ತಕದ ಅಂಚಿನಲ್ಲಿ ಮೊದಲು ಇರುತ್ತಿದ್ದ ಹೂಬಳ್ಳಿಯೂ ಕಾಣಲಿಲ್ಲ.

ಕಿತಾಬು ಓದಿದವರು ನಾವು. ಚಿತ್ರ ಬರೆದೇ ಹೊಟ್ಟೆ ಹೊರೆಯುವವನೊಬ್ಬ ಬಂದು ಕೇಳಿದಾಗ ಇಬ್ನ್ ಅಬ್ಬಾಸ್ (ರ) ಮೊದಲು ಎಚ್ಚರಿಕೆ ಹೇಳಿದರು, ಬೆನ್ನಿಗೇ ಮರ-ಗಿಡ, ಜೀವವಿಲ್ಲದ ವಸ್ತುಗಳನ್ನು ಬರೆಯಬಹುದೆಂದು ದಾರಿಯನ್ನೂ ತೋರಿಸಿದರು. ಬುಖಾರಿಯಲ್ಲಿ ಇದೆ ಇದು. ನಾವು ಎಚ್ಚರಿಕೆಯನ್ನು ಮಾತ್ರ ಹೇಳಿದೆವು. ದಾರಿ ಹೇಳುವಷ್ಟು ಪುರುಸೊತ್ತು ನಮಗಿರಲಿಲ್ಲ. (ಪಾಸ್‌ಪೋರ್ಟಿಗೆ, ಆಧಾರಿಗೆ ಫೋಟೊ ತೆಗೆಸುವಾಗ ಈ ವಿಷಯ ಯಾರಿಗೂ ನೆನಪಾಗುವುದಿಲ್ಲ, ಅದು ಬೇರೆ ಮಾತು.)

ಕಳೆದ ಮಳೆಗಾಲದಲ್ಲಿ ಸಂಬಂಧಿಕರೊಬ್ಬರನ್ನು ಆಸ್ಪತ್ರೆಗೆ ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ರಿಪೋರ್ಟ್ ಬರಲು ನಾಲ್ಕು ಗಂಟೆ ಕಾಯಬೇಕಿತ್ತು. ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತಿದ್ದಾಗ ಮಳೆ ಹಿಡಿಯಿತು, ತಲೆ ತಪ್ಪಿಸಿಕೊಳ್ಳಲು ಎದುರಿಗೆ ಕಂಡ ಗೇಟಿನ ಒಳಗೆ ಹೋದೆವು. ಅದು ಕರ್ನಾಟಕ ಚಿತ್ರಕಲಾ ಪರಿಷತ್ತು. ಟೋಪಿ ಹಾಕಿದವರು ಇಲ್ಲಿ ಯಾಕೆ ಬಂದಿದ್ದೀರಿ ಎಂದು ಯಾರಾದರೂ ಕೇಳುತ್ತಾರೇನೋ ಎಂಬ ಅಳುಕು ಇತ್ತು. ಯಾರೂ ಕೇಳಲಿಲ್ಲ. ಒಂದು ಕೋಣೆಯಲ್ಲಿ ಬರೀ ಬಂಡೆಗಳ ಚಿತ್ರ. ಅಷ್ಟು ದೊಡ್ಡ ಗೋಡೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ, ಒಂದು ಹಕ್ಕಿಯೂ ಇಲ್ಲ. ಆದರೂ ಅರ್ಧ ಗಂಟೆ ನಿಂತಿದ್ದೆವು. ಕೊಕ್ಕರೆ ನೆನಪಾಯಿತು.

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ, ಕೇಳುತ್ತಾ ಬಂದಿದ್ದೇವೆ. ಚಿತ್ರ ಎಂದರೆ ಚೌಕಟ್ಟು, ಗೋಡೆ, ಮೊಳೆ ಎಂದುಕೊಂಡಿದ್ದೆವು. ಈಗ 'ಪ್ರತಿಷ್ಠಾಪನ ಕಲೆ' ಅಂತ ಒಂದು ಇದೆ, ಇನ್‌ಸ್ಟಲೇಶನ್ ಅಂತಾರೆ. ವಸ್ತುಗಳನ್ನೇ ತಂದು ಒಂದು ಜಾಗದಲ್ಲಿ ಜೋಡಿಸಿಡುವುದು. ನೋಡುವವರು ಅದರ ನಡುವೆ ಓಡಾಡಬಹುದು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ತೆಗೆಯುತ್ತಾರೆ.

ಈ ಕಲೆಯಲ್ಲಿ ಜಗತ್ತೇ ಬಲ್ಲ ಹೆಸರೊಂದು ನಮ್ಮ ಪಕ್ಕದೂರಿನದು ಎಂದು ತಿಳಿದಾಗ ಆಶ್ಚರ್ಯವಾಯಿತು. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಚನ್ನಗಿರಿಯವರಿಗೆ ಭದ್ರಾವತಿ ಎಂದರೆ ಸಂತೆಗೆ ಹೋಗಿ ಬರುವಷ್ಟು ದೂರ. ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಲಂಡನ್ ಎಲ್ಲ ಕಡೆ ಕಲಿತವರು. ಮೊದಲು ಬಣ್ಣದಲ್ಲಿ ಬರೆಯುತ್ತಿದ್ದರು. 90ರ ದಶಕದ ಶುರುವಿನಲ್ಲಿ ದೇಶದಲ್ಲಿ ಕೋಮುಗಲಭೆ ಹೆಚ್ಚಿದಾಗ ಬರೀ ಬಣ್ಣ ಸಾಲದು ಅನ್ನಿಸಿ ಸೆಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಸೂಜಿ-ದಾರ, ಊದುಬತ್ತಿ, ರಸ್ತೆ ಕೆಲಸದವರ ಡಾಂಬರು ಡ್ರಮ್ಮು. ಆ ಡ್ರಮ್ಮುಗಳನ್ನು ಜೋಡಿಸಿ 2006ರಲ್ಲಿ ಒಂದು ಕತ್ತಲೆ ಗೂಡು ಕಟ್ಟಿದರು. ಬಗ್ಗಿ ಒಳಗೆ ಹೋಗಿ ತಲೆ ಎತ್ತಿದರೆ ತಗಡಿನ ಸಣ್ಣ ಸಣ್ಣ ತೂತುಗಳಿಂದ ಬೆಳಕು ಬಂದು ನಕ್ಷತ್ರದಂತೆ ಕಾಣುತ್ತದಂತೆ. ಡಾಂಬರು ಡ್ರಮ್ಮಿನ ತಗಡಿನಡಿ ಮಲಗುವ ಕೂಲಿಯವರನ್ನು ರಸ್ತೆ ಬದಿಯಲ್ಲಿ ನಾವೂ ಎಷ್ಟು ಸಲ ನೋಡಿಲ್ಲ!

ಆದರೆ ನಮ್ಮ ಮನೆಯ ಹೆಂಗಸರಿಗೆ ನಾವು ಹೇಳಿದ್ದು ಇನ್ನೊಂದರ ಬಗ್ಗೆ. ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ಕ್ಕೆ ಮೊದಲ ಬಿನಾಲೆ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಎಂದು ಲೆಕ್ಕ ಹಾಕಿ ನಡೆಸುವ ದೊಡ್ಡ ಕಲಾ ಮೇಳ ಅದು. ಹಳೆಯ ಮಸಾಲೆ ಗೋದಾಮುಗಳೇ ಅಲ್ಲಿ ಗ್ಯಾಲರಿ. ಆ ಸಲ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಸೇರಿ 170 ಕಡೆಯುವ ಕಲ್ಲುಗಳನ್ನು ತಂದಿಟ್ಟರು. ಹೌದು, ನಮ್ಮ ಅಡುಗೆಮನೆಯ ಅದೇ ರುಬ್ಬುವ ಕಲ್ಲು. ಗ್ರೈಂಡರು, ಮಿಕ್ಸಿ ಬಂದ ಮೇಲೆ ಬೆಂಗಳೂರಿನ ಜನ ರಸ್ತೆ ಬದಿಗೆ ಹಾಕಿದ ಕಲ್ಲುಗಳು. ಅನ್ನ ಕೊಟ್ಟ ಕಲ್ಲನ್ನು ಒಡೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗ ಸಾಲದು.

ಇದನ್ನು ಹೇಳಿದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ನಮ್ಮ ಉಮ್ಮನ ಕಲ್ಲು ಊರಿನ ಮನೆಯ ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಕೂತಿದೆ. ಪುಂಡಿಗೆ, ನೈಪತ್ತಿರಿಗೆ ಅಕ್ಕಿ ಅರೆದು ಅರೆದು ನಡುವೆ ಗುಳಿ ಬಿದ್ದ ಕಲ್ಲು. ಅದು ಯಾವ ಮ್ಯೂಸಿಯಮ್ಮಿನಲ್ಲಿ ಇಟ್ಟರೂ ನಿಂತು ನೋಡುವಂಥದ್ದೇ. ಅಂಥದ್ದನ್ನು ಹಾಗೆ ನೋಡಲು ನಮಗೆ ಯಾರೂ ಕಲಿಸಿರಲಿಲ್ಲ.

ಈಗ ಎಲ್ಲಿಗೆ ಹೋಗುವುದು ಎಂಬ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಅಡಿಕೆ, ಮೀನು, ಹಣ್ಣು, ಬೇಕರಿ ಎಂದು ನೆಲೆನಿಂತ ನಮ್ಮ ಮನೆಗಳವರು ಬೆಂಗಳೂರಿಗೆ ಹೋಗುವುದೇನೂ ಕಡಿಮೆ ಇಲ್ಲ. ಆಸ್ಪತ್ರೆ, ವೀಸಾ, ಏರ್‌ಪೋರ್ಟು, ಮದುವೆ ಬಟ್ಟೆ. ಅದರ ನಡುವೆ ಎರಡು ಗಂಟೆ ಸಿಕ್ಕಿದರೆ ಮಾಲ್‌ಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಆ ಎರಡು ಗಂಟೆಯನ್ನು ಕೇಳುತ್ತಿದ್ದೇವೆ ನಾವು.

ಚಿತ್ರಕಲಾ ಪರಿಷತ್ತು 1960ರಲ್ಲಿ ಶುರುವಾದದ್ದು. ಅಲ್ಲಿ ಕಲಾವಿದರು ಪಡೆದು ನಡೆಸುವ ಪ್ರದರ್ಶನಗಳು ಆಗಾಗ ಬದಲಾಗುತ್ತವೆ. ತೊಗಲುಗೊಂಬೆ, ಮೈಸೂರು ಶೈಲಿಯ ಹಳೆಯ ಚಿತ್ರ, ರೋರಿಕ್ ಅವರ ಬೆಟ್ಟಗಳ ಚಿತ್ರಗಳು ಖಾಯಂ ಇವೆ. ಬೆಟ್ಟಗಳ ಎದುರು ಮಕ್ಕಳನ್ನು ನಿಲ್ಲಿಸಿ, ಬಣ್ಣ ಎಷ್ಟು ಅಂತ ಎಣಿಸಲು ಹೇಳಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಟಿಕೆಟ್ಟು ಹಗುರ, ಹಳೆಯ ಮರಗಳ ನೆರಳು ದಂಡಿಯಾಗಿದೆ, ಸೋಮವಾರ ರಜೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ ಹೊರಗಿನಿಂದ ನೋಡಿದರೆ ದೊಡ್ಡ ನೀರಿನ ಟ್ಯಾಂಕಿನಂತೆ ಕಾಣುತ್ತದೆ, ಬೇಕೆಂದೇ ಹಾಗೆ ಕಟ್ಟಿದ್ದಾರೆ. ಮೆಜೆಸ್ಟಿಕ್ಕಿನಿಂದ ನೇರಳೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಹತ್ತಿರ.

ಒಂದು ಮಾತು ಮುಚ್ಚಿಡಬಾರದು. ಕೆಲವು ಕೋಣೆಗಳಲ್ಲಿ ನಮ್ಮ ಮನೆಯವರಿಗೆ ಮುಜುಗರವಾಗುವ ಚಿತ್ರಗಳೂ ಇರುತ್ತವೆ. ನಾವು ಒಮ್ಮೆ ಮಕ್ಕಳೊಂದಿಗೆ ಹಾಗೆ ಸಿಕ್ಕಿಕೊಂಡು ಮುಂದಿನ ಕೋಣೆಗೆ ನಡೆದುಬಿಟ್ಟೆವು. ಅಲ್ಲಿಗೆ ಮುಗಿಯಿತು. ಮಾರುಕಟ್ಟೆಯಲ್ಲಿ ನಮಗೆ ಬೇಡದ ಅಂಗಡಿ ಇದೆ ಅಂತ ಮಾರುಕಟ್ಟೆಗೇ ಹೋಗದೆ ಇರುತ್ತೇವೆಯೇ?

ಅಷ್ಟು ದೂರ ಆಗುವುದಿಲ್ಲ ಎನ್ನುವವರಿಗೆ ದಾವಣಗೆರೆಯೇ ಇದೆ. ಅಲ್ಲಿನ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ನಡೆದು ಬಂದಿದೆ, ಈಗ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗಿದೆ. ಮಕ್ಕಳು ಬರೆದದ್ದನ್ನು ಪ್ರದರ್ಶನಕ್ಕೆ ಇಟ್ಟಾಗ ಹೋಗಿ ನೋಡಬಹುದು. ಪಿಯುಸಿ ಮುಗಿಸಿದವರು ಬಿ.ವಿ.ಎ. ಪದವಿಗೆ ಸೇರಬಹುದು, ನಾಲ್ಕು ವರ್ಷ. "ಇದ್ರಿಂದ ಹೊಟ್ಟೆ ತುಂಬ್ತದಾ ಉಸ್ತಾದರೇ?" ಎಂದು ಹೊನ್ನಾಳಿಯ ಒಬ್ಬ ಅಡಿಕೆ ವ್ಯಾಪಾರಿ ಕೇಳಿದರು. ತುಂಬುತ್ತದೆ ಎಂದು ಬರೆದುಕೊಡಲು ನಮ್ಮಿಂದಾಗದು. ಡ್ರಾಯಿಂಗ್ ಮೇಷ್ಟ್ರ ಕೆಲಸ, ಬಟ್ಟೆಯ ಡಿಸೈನು, ಪುಸ್ತಕದ ವಿನ್ಯಾಸ, ಅಂಗಡಿ ಬೋರ್ಡು ಎಲ್ಲದಕ್ಕೂ ಈ ಕೈ ಬೇಕು ಎಂದಷ್ಟೇ ಹೇಳಿದೆವು. ಅಡಿಕೆ ರೇಟಿಗೂ ಗ್ಯಾರಂಟಿ ಇಲ್ಲವಲ್ಲ ಎಂದು ಅವರೇ ನಕ್ಕರು.

ಚನ್ನಗಿರಿ ತಾಲೂಕಿನವರು ಮೊದಲು ಸಂತೆಬೆನ್ನೂರಿಗೆ ಹೋಗಬೇಕು. ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ಮಂಟಪ, ಎದುರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರು ಹೇಳುವ ಮುಸಾಫಿರ್‌ಖಾನೆ. ಯುದ್ಧದಲ್ಲಿ ಅಲ್ಲಿನ ರಂಗನಾಥ ದೇಗುಲ ಹಾಳಾಯಿತು ಎಂದೂ ಹೇಳುತ್ತಾರೆ, ಮಕ್ಕಳಿಗೆ ಅದನ್ನೂ ಹೇಳಬೇಕು. ಮೆಟ್ಟಿಲ ಮೇಲೆ ಕೂತು ಆ ಮಂಟಪವನ್ನು ಬರೆಯಲು ಒಂದು ಹಾಳೆ, ಒಂದು ಪೆನ್ಸಿಲು ಸಾಕು. ರಜೆಗೆ ಕರಾವಳಿಗೆ ಹೋಗುವವರು ಮಣಿಪಾಲದಲ್ಲಿ ಕೆ.ಕೆ. ಹೆಬ್ಬಾರರ ಹೆಸರಿನ ಗ್ಯಾಲರಿ ನೋಡಬಹುದು. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಎರಡು ಗೆರೆಯಲ್ಲಿ ಒಂದು ಇಡೀ ಕುಣಿತ ಹಿಡಿಯುತ್ತಿದ್ದ ಕೈ ಅದು.

ಚಿತ್ರ ಸಂತೆಯ ಮಾತು ಬಾಕಿ ಇದೆ. 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಆ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನವಿಲ್ಲ. ಎರಡೂ ಬದಿಗೆ ಸಾವಿರಕ್ಕೂ ಹೆಚ್ಚು ಕಲಾವಿದರು ಚಿತ್ರ ಹರಡಿಕೊಂಡು ಕೂರುತ್ತಾರೆ. ನೋಡಲು ದುಡ್ಡು ಕೊಡಬೇಕಿಲ್ಲ, ಚೌಕಾಸಿಯೂ ನಡೆಯುತ್ತದೆ. ಸಂತೆ ಎಂದರೆ ಸಂತೆಯೇ.

ಈ ಸಲ ಅದಕ್ಕೆ ನಾಲ್ಕೂ ತಾಲೂಕಿನ ಮನೆಗಳವರು ಸೇರಿ ಒಂದು ಟೆಂಪೊ ಟ್ರಾವೆಲರ್ ಮಾತಾಡಿದ್ದೇವೆ. ಶನಿವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್. ಹೊನ್ನಾಳಿ, ನ್ಯಾಮತಿಯವರನ್ನು ಹತ್ತಿಸಿಕೊಂಡು ಚನ್ನಗಿರಿ ಮೇಲೆ ಹೋಗುತ್ತದೆ. ಜಗಳೂರಿನವರಿಗೆ ಇದು ಸುತ್ತು, ಅವರು ಚಿತ್ರದುರ್ಗದ ಬೈಪಾಸಿನಲ್ಲಿ ಕಾಯುವುದು. ಊಟ ಅವರವರ ಮನೆಯದು. ಕೊಕ್ಕರೆ ಬರೆದ ಹುಡುಗಿಯ ಮನೆಗೂ ಹೋಗಿ ಹೇಳಿದೆವು, ಪುಟ ಹರಿದದ್ದು ನಮ್ಮ ತಪ್ಪು ಎಂದೂ ಹೇಳಿದೆವು. "ಅದೆಲ್ಲ ಬಿಡಿ ಉಸ್ತಾದರೇ, ಈಗ ಅವ್ಳು ಏನೂ ಬರೆಯೋದಿಲ್ಲ" ಎಂದರು ಅವಳ ಉಮ್ಮ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅವರಿಬ್ಬರಿಗೆ ಎರಡು ಸೀಟು ಇಟ್ಟಿದ್ದೇವೆ.